ಸಂಜೆಯಾದರೆ ಮನಸ್ಸು ಹಿಡಿತಕ್ಕೆ ಸಿಗುತ್ತಿಲ್ಲವೇ? ನಾಲ್ಕು ವಾರಗಳಲ್ಲಿ ಮಾಡಿ ನೋಡಬಹುದಾದ ಕ್ರಮ

"ಬೆಳಿಗ್ಗೆಯಿಂದ ಬಾಯಿ ಕಟ್ಟಿರುತ್ತೇನೆ, ಸಂಜೆ ಏಳಕ್ಕೆ ಡಬ್ಬಿ ತೆಗೆದು ಕೂತರೆ ತಳ ಕಾಣುವವರೆಗೂ ಏಳುವುದಿಲ್ಲ." "ಆಫೀಸಿನಲ್ಲಿ ಎಲ್ಲರ ಹತ್ತಿರವೂ ತಾಳ್ಮೆ, ಮನೆಗೆ ಬಂದರೆ ಮಗುವಿನ ಮೇಲೆ ರೇಗಾಟ." "ಹತ್ತಕ್ಕೆ ಮಲಗಬೇಕು ಎಂದು ಮೊಬೈಲ್ ಹಿಡಿದೆ, ನೋಡಿದರೆ ಒಂದೂವರೆ." ಓದುಗರಿಂದ ಮತ್ತೆ ಮತ್ತೆ ಬರುವ ಮಾತುಗಳಿವು. ಹೆಚ್ಚಿನವು ಮುಗಿಯುವುದು ಒಂದೇ ಪ್ರಶ್ನೆಯಲ್ಲಿ: ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಆ ಪ್ರಶ್ನೆಯನ್ನೇ ಸ್ವಲ್ಪ ಬದಲಿಸಿಕೊಳ್ಳಿ. ದಿನಕ್ಕೆ ಎಷ್ಟು ಸಲ ನೀವು ನಿಮ್ಮನ್ನೇ ತಡೆಯಬೇಕಾಗುತ್ತಿದೆ, ಅದನ್ನು ಕಡಿಮೆ ಮಾಡುವುದು ಹೇಗೆ ಎಂದು ಕೇಳಿಕೊಳ್ಳಿ. ಕೆಳಗಿನ ಕ್ರಮವೆಲ್ಲ ಇದೊಂದೇ ಪ್ರಶ್ನೆಯ ಸುತ್ತ ಇದೆ.

ಮೊದಲು, ಇದುವರೆಗೆ ತಿಳಿದಿರುವುದು

ತಡೆದು ತಡೆದು ಮನಸ್ಸು ಬಳಲುತ್ತದೆ ಎಂಬ ಮಾತಿಗೆ ಪ್ರಯೋಗದ ಬಲ ಬಂದದ್ದು 1998ರಲ್ಲಿ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಹಸಿದ ವಿದ್ಯಾರ್ಥಿಗಳನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಕೋಣೆಯ ತುಂಬ ಆಗಷ್ಟೇ ಬೇಯಿಸಿದ ಚಾಕೊಲೇಟ್ ಬಿಸ್ಕತ್ತಿನ ಘಮ. ಕೆಲವರಿಗೆ ಬಿಸ್ಕತ್ತು ತಿನ್ನಲು ಹೇಳಿದರು, ಕೆಲವರಿಗೆ ಅದನ್ನು ಮುಟ್ಟದೆ ಪಕ್ಕದಲ್ಲಿದ್ದ ಮೂಲಂಗಿ ಮಾತ್ರ ತಿನ್ನಲು ಹೇಳಿದರು. ಆಮೇಲೆ ಇಬ್ಬರಿಗೂ ಬಿಡಿಸಲಾಗದ ಒಗಟು ಕೊಟ್ಟರು. ಬಿಸ್ಕತ್ತು ತಿಂದವರು ಸುಮಾರು 19 ನಿಮಿಷ ಒದ್ದಾಡಿದರು, ಮೂಲಂಗಿಯವರು ಸುಮಾರು 8 ನಿಮಿಷಕ್ಕೆ ಕೈಬಿಟ್ಟರು. ಏನನ್ನೂ ಕೊಡದೆ ನೇರವಾಗಿ ಒಗಟಿಗೆ ಕೂರಿಸಿದವರು ಸುಮಾರು 21 ನಿಮಿಷ ಕೂತಿದ್ದರು. ಈ ಬಳಲಿಕೆಗೆ ಇಟ್ಟ ಹೆಸರು 'ಈಗೋ ಡಿಪ್ಲೀಶನ್'. ಕನ್ನಡದಲ್ಲಿ ಸಂಯಮದ ಬಳಲಿಕೆ ಎನ್ನಬಹುದು. ಮನಸ್ಸೆಂದರೆ ನೀರಿನ ಟ್ಯಾಂಕಿನ ಹಾಗೆ, ಬೆಳಿಗ್ಗೆಯಿಂದ ನಲ್ಲಿ ತಿರುಗಿಸುತ್ತಲೇ ಇದ್ದರೆ ಸಂಜೆಗೆ ಖಾಲಿ ಎಂಬ ಚಿತ್ರ ಜನರ ತಲೆಯಲ್ಲಿ ಕೂತದ್ದು ಇಲ್ಲಿಂದ.

ಆ ಚಿತ್ರ ಪರೀಕ್ಷೆಗೆ ನಿಲ್ಲಲಿಲ್ಲ. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ 2,141 ಜನರ ಮೇಲೆ ಒಂದೇ ರೀತಿಯಲ್ಲಿ ಪ್ರಯೋಗ ನಡೆಸಿದಾಗ ಪರಿಣಾಮ ಹೆಚ್ಚುಕಡಿಮೆ ಶೂನ್ಯ. 2021ರಲ್ಲಿ 36 ಪ್ರಯೋಗಾಲಯಗಳು 3,531 ಜನರೊಂದಿಗೆ ಇನ್ನೊಮ್ಮೆ ನೋಡಿದಾಗ ಸಿಕ್ಕಿದ್ದೂ ತೀರಾ ಸಣ್ಣ ಪರಿಣಾಮ. ಹಾಗಾಗಿ ಐದು ಹತ್ತು ನಿಮಿಷ ಆಸೆ ತಡೆದದ್ದಕ್ಕೇ ಮನಸ್ಸು ಖಾಲಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಕಿಲ್ಲ.

ಹಾಗೆಂದು ನಿಮ್ಮ ಸಂಜೆಯ ಸುಸ್ತು ಸುಳ್ಳಲ್ಲ. ಇಡೀ ದಿನ ತಲೆಗೆ ಕೆಲಸ ಕೊಟ್ಟಾಗ ಆಗುವುದೇ ಬೇರೆ. ಪ್ಯಾರಿಸ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಆರು ಗಂಟೆಗೂ ಹೆಚ್ಚು ಕಾಲ ಕಷ್ಟದ ಮಾನಸಿಕ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಹೆಚ್ಚು ಸೇರಿಕೊಂಡಿತ್ತು. ಗ್ಲುಟಮೇಟ್ ಎಂದರೆ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕ. ಆ ಜನ ದಿನದ ಕೊನೆಗೆ, ಕಾದರೆ ಸಿಗುವ ದೊಡ್ಡ ಮೊತ್ತಕ್ಕಿಂತ ಈಗಲೇ ಸಿಗುವ ಸಣ್ಣ ಮೊತ್ತವನ್ನು ಹೆಚ್ಚಾಗಿ ಆರಿಸಿಕೊಂಡರು. ಇನ್ನೊಂದು ವಿವರಣೆ ಟೊರೊಂಟೊದ ಮೈಕಲ್ ಇನ್ಜ್‌ಲಿಕ್ಟ್ ಅವರಂಥವರದು: ಬಳಲಿದಾಗ ಶಕ್ತಿ ಮುಗಿದಿರುವುದಿಲ್ಲ, ಮನಸ್ಸು 'ಮಾಡಬೇಕಾದ್ದು' ಬಿಟ್ಟು 'ಮಾಡಬೇಕೆನಿಸಿದ್ದರ' ಕಡೆ ವಾಲುತ್ತದೆ. ಸುಸ್ತಾಗಿ ಕೂತವರಿಗೆ ಊರಿಂದ ತಮ್ಮ ಬಂದ ಎಂದರೆ ಥಟ್ಟನೆ ಲವಲವಿಕೆ ಬರುವುದನ್ನು ಎಲ್ಲರ ಮನೆಯಲ್ಲೂ ನೋಡಬಹುದು.

ಈ ಮಾರ್ಗದರ್ಶಿಗೆ ಬುಡವಾದ ಸಂಗತಿ ಇನ್ನೊಂದಿದೆ. ಜರ್ಮನಿಯಲ್ಲಿ 205 ಜನರಿಗೆ ಒಂದು ವಾರ ದಿನಕ್ಕೆ ಹಲವು ಸಲ ಸೂಚನೆ ಕಳಿಸಿ "ಈಗ ಯಾವ ಆಸೆ ಬಂದಿದೆ, ತಡೆದಿರಾ?" ಎಂದು ಕೇಳಲಾಯಿತು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಸಂಯಮ ಹೆಚ್ಚು ಎಂದು ಎಣಿಸಿಕೊಂಡವರು ಉಳಿದವರಿಗಿಂತ ಹೆಚ್ಚು ಹೋರಾಡಿರಲಿಲ್ಲ. ಅವರಿಗೆ ಹೋರಾಡುವ ಸಂದರ್ಭವೇ ಕಡಿಮೆ ಬಂದಿತ್ತು. ಕೆನಡಾದ ವಿದ್ಯಾರ್ಥಿಗಳ ಮೇಲೆ ನಡೆದ 2017ರ ಅಧ್ಯಯನವೂ ಇದನ್ನೇ ತೋರಿಸಿತು: ಬರೀ ಆಸೆ ಎದುರಾಗುತ್ತಿರುವುದೇ ದಣಿಸುತ್ತದೆ, ಗುರಿ ತಲುಪದಂತೆ ಮಾಡುತ್ತದೆ. ಎಷ್ಟು ಬಲವಾಗಿ ತಡೆದರು ಎಂಬುದರಿಂದ ಫಲಿತಾಂಶ ಬದಲಾಗಲಿಲ್ಲ.

ಬೇಕಾಗುವುದು

ಜೇಬಿಗೆ ಹೋಗುವ ಒಂದು ಸಣ್ಣ ನೋಟ್‌ಬುಕ್, ಪೆನ್ನು. ಮೇಜಿನ ಮೇಲಿಡುವ ಸಾದಾ ಅಲಾರಂ ಗಡಿಯಾರ. ಗಟ್ಟಿ ಮುಚ್ಚಳದ ಎರಡು ಮೂರು ಸಣ್ಣ ಸ್ಟೀಲ್ ಡಬ್ಬಿ. ನಾಲ್ಕು ವಾರ. ಮನೆಯಲ್ಲಿ ಒಬ್ಬರಿಗಾದರೂ ನೀವು ಏನು ಮಾಡುತ್ತಿದ್ದೀರಿ ಎಂದು ಗೊತ್ತಿರಬೇಕು.

ನೋಟ್‌ಬುಕ್ ಬದಲು ಮೊಬೈಲ್‌ನಲ್ಲೇ ಬರೆಯಬಹುದಲ್ಲ ಎನಿಸುತ್ತದೆ. ಬೇಡ. ಬರೆಯಲು ತೆಗೆದ ಮೊಬೈಲ್ ಕೆಳಗಿಡುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿರುತ್ತದೆ.

ನಾಲ್ಕು ವಾರಕ್ಕೆ ಒಂದೇ ಸಂಗತಿ ಹಿಡಿಯಿರಿ: ತಿಂಡಿ, ಮೊಬೈಲ್, ಸಿಟ್ಟು, ಖರ್ಚು, ಇವುಗಳಲ್ಲಿ ಯಾವುದಾದರೂ ಒಂದು. ಯುಗಾದಿಯಿಂದ ಸಕ್ಕರೆ ಬಿಡುತ್ತೇನೆ, ಐದಕ್ಕೆ ಏಳುತ್ತೇನೆ, ಜಿಮ್‌ಗೂ ಹೋಗುತ್ತೇನೆ ಎಂದು ಮೂರನ್ನೂ ಒಟ್ಟಿಗೆ ಎತ್ತಿಕೊಂಡವರು ಹಬ್ಬದ ಹೋಳಿಗೆ ಮುಗಿಯುವ ಮೊದಲೇ ಮೂರನ್ನೂ ಇಳಿಸಿರುತ್ತಾರೆ.

ಹಂತ 1: ಮೊದಲ ಏಳು ದಿನ ಬರೀ ಬರೆಯಿರಿ

ಈ ವಾರ ಏನನ್ನೂ ಬಿಡಬೇಡಿ, ಏನನ್ನೂ ತಡೆಯಬೇಡಿ. ಆಸೆ ಬಂದಾಗಲೆಲ್ಲ ಒಂದು ಸಾಲು ಬರೆಯಿರಿ. ಸಾಲಿನಲ್ಲಿ ಆರು ಸಂಗತಿ ಇರಲಿ: ಹೊತ್ತು, ಏನು ಬೇಕೆನಿಸಿತು, 1ರಿಂದ 5ರೊಳಗೆ ಎಷ್ಟು ಜೋರಾಗಿ, ತಡೆದಿರೋ ಬಿಟ್ಟಿರೋ, ಕೊನೆಯ ಊಟವಾಗಿ ಎಷ್ಟು ಗಂಟೆ, ಎಲ್ಲಿ ಏನು ಮಾಡುತ್ತಿದ್ದಿರಿ. ದಿನದ ಮೇಲ್ತುದಿಯಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಎಂದು ಗುರುತು ಹಾಕಿ. ಉದಾಹರಣೆಗೆ:

ಸೋಮವಾರ (ನಿದ್ದೆ 5 ½)
11.20 / ಸಿಗರೇಟಿಗೆ ಕರೆದರು / 2 / ಹೋಗಲಿಲ್ಲ / 2 ಗಂಟೆ / ಮೀಟಿಂಗ್ ಮುಗಿಸಿ
7.10 / ಕೋಡುಬಳೆ / 4 / ತಿಂದೆ, ಎಂಟು / 6 ಗಂಟೆ / ಅಡುಗೆಮನೆ, ಕುಕ್ಕರ್ ಕೂಗಲು ಕಾಯುತ್ತ
7.40 / ಮತ್ತೆ ಕೋಡುಬಳೆ / 3 / ತಿಂದೆ / – / ಅಲ್ಲೇ, ಎರಡನೇ ಕೂಗಿಗೆ ಕಾಯುತ್ತ

ಎರಡನೆಯ ಸಾಲನ್ನು ನೋಡಿ. ಬರೆಯದೇ ಹೋಗಿದ್ದರೆ ಇವರು "ನನಗೆ ಬಾಯಿ ಚಪಲ" ಎಂದು ತಮ್ಮನ್ನೇ ಬೈದುಕೊಂಡು ಸುಮ್ಮನಾಗುತ್ತಿದ್ದರು. ಬರೆದದ್ದರಿಂದ ಮೂರು ಸಂಗತಿ ಹೊರಬಿತ್ತು. ಊಟವಾಗಿ ಆರು ಗಂಟೆ. ರಾತ್ರಿ ನಿದ್ದೆ ಐದೂವರೆ ಗಂಟೆ. ಕುಕ್ಕರ್ ಕೂಗುವವರೆಗೆ ಕೈಗೆ ಕೆಲಸವಿಲ್ಲ, ಕೈಗೆಟುಕುವಲ್ಲಿ ಡಬ್ಬಿ.

ಹೆಚ್ಚಿನವರು ಎಡವುವುದು ಸೋತದ್ದನ್ನು ಮಾತ್ರ ಬರೆದು. ತಡೆದದ್ದನ್ನೂ ಬರೆಯಿರಿ. ನೀವು ದಿನಕ್ಕೆ ಹದಿನೈದು ಸಲ ತಡೆದು ಎರಡು ಸಲ ಸೋಲುತ್ತಿರಬಹುದು. ಆ ಹದಿನೈದೇ ನಿಮ್ಮನ್ನು ಬಳಲಿಸುತ್ತಿರುವುದು. ರಾತ್ರಿ ಮಲಗುವಾಗ ನೆನಪಿಸಿಕೊಂಡು ಬರೆಯುವುದೂ ಆಗದ ಮಾತು, ಆ ಹೊತ್ತಿಗೆ ಹೊತ್ತು ಗೊತ್ತು ಎಲ್ಲ ಕಲಸಿಹೋಗಿರುತ್ತದೆ.

ಹಂತ 2: ಎಂಟನೇ ದಿನ, ಬಳಲಿಕೆ ಯಾವುದೆಂದು ಗುರುತಿಸಿ

ಅರ್ಧ ಗಂಟೆ ಕೂತು ಏಳು ದಿನದ ಸಾಲುಗಳನ್ನು ಓದಿ. 4 ಮತ್ತು 5ರ ಅಂಕಿಗಳಿಗೆ ಸುತ್ತು ಹಾಕಿ. ಬಹುಪಾಲು ಜನರಿಗೆ ಆ ಸುತ್ತುಗಳು ದಿನದ ಒಂದೆರಡು ಹೊತ್ತಿನಲ್ಲೇ ಗುಂಪಾಗಿರುತ್ತವೆ. ನಂತರ ಆ ಹೊತ್ತಿನ ಬಳಲಿಕೆ ಮೂರರಲ್ಲಿ ಯಾವುದು ಎಂದು ಕೇಳಿಕೊಳ್ಳಿ.

ಒಂದು, ದೇಹದ್ದು. ಊಟವಾಗಿ ಐದು ಗಂಟೆ ದಾಟಿದೆ, ಅಥವಾ ಹಿಂದಿನ ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ದೆ. ಇಂಥ ಸಾಲುಗಳೇ ಹೆಚ್ಚಿದ್ದರೆ ಸಂಯಮದ ಮಾತು ಆಮೇಲೆ, ಮೊದಲು ಊಟ ನಿದ್ದೆ ಸರಿಯಾಗಲಿ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು.

ಎರಡು, ಬೇಸರದ್ದು. ಇದನ್ನು ಪತ್ತೆ ಹಚ್ಚುವುದು ಸುಲಭ. ಆ ಹೊತ್ತಿಗೆ ಇಷ್ಟದ ಕೆಲಸವೊಂದು ಬಂದಿದ್ದರೆ ಎದ್ದು ಹೋಗುತ್ತಿದ್ದಿರಾ? ಹೌದು ಎಂದಾದರೆ ನಿಮ್ಮಲ್ಲಿ ಶಕ್ತಿಯಿದೆ, ಮಾಡುತ್ತಿರುವ ಕೆಲಸದಲ್ಲಿ ಮನಸ್ಸಿಲ್ಲ. ವಿಶ್ರಾಂತಿ ತೆಗೆದುಕೊಂಡರೆ ಇದು ಹೋಗುವುದಿಲ್ಲ, ಕೆಲಸದ ಬಗೆ ಬದಲಾಗಬೇಕು.

ಮೂರು, ಮುಖವಾಡದ್ದು. ದಿನವಿಡೀ ಸಿಟ್ಟು, ಅಸಹನೆ, ಕಣ್ಣೀರು ನುಂಗಿಕೊಂಡೇ ನಗಬೇಕಾದ ಕೆಲಸದವರು ಇದ್ದಾರೆ: ನರ್ಸ್‌ಗಳು, ಶಿಕ್ಷಕರು, ಕಾಲ್ ಸೆಂಟರಿನವರು, ಬ್ಯಾಂಕ್ ಕೌಂಟರಿನವರು, ಬಸ್ ಕಂಡಕ್ಟರುಗಳು. ತುಂಬಿದ ಮನೆಯಲ್ಲಿ ಎಲ್ಲರ ಮಾತನ್ನೂ ಸಂಭಾಳಿಸುವ ಸೊಸೆಯೂ ಇದೇ ಸಾಲಿಗೆ ಸೇರುತ್ತಾಳೆ, ಆಕೆಗೆ ಮನೆಗೆ ಹೋದೆನೆಂಬ ಬಿಡುವೂ ಇಲ್ಲ. ಇವರ ಸುಸ್ತನ್ನು ಉಳಿದವರು ಕೆಲಸವೆಂದೇ ಲೆಕ್ಕ ಹಿಡಿಯುವುದಿಲ್ಲ. ಅದು ಕೆಲಸವೇ.

ರಾತ್ರಿ ಪಾಳಿಯವರಿಗೊಂದು ಮಾತು: ಗಡಿಯಾರದ ಸಂಜೆ ನಿಮ್ಮ ಸಂಜೆಯಲ್ಲ. ಎದ್ದು ಎಷ್ಟು ಗಂಟೆಯಾಯಿತು ಎಂದು ಲೆಕ್ಕ ಹಾಕಿ. ಮಧ್ಯಾಹ್ನ ಎರಡಕ್ಕೆ ಎದ್ದವರಿಗೆ ನಸುಕಿನ ಮೂರು ನಾಲ್ಕು ಗಂಟೆಯೇ ಕಷ್ಟದ ಹೊತ್ತು.

ಹಂತ 3: ಎರಡನೇ ವಾರ, ಆಸೆಯ ದಾರಿಗೆ ಅಡ್ಡ ಇಡಿ

ನಾಲ್ಕು ವಾರದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು, ಹಾಗಾಗಿ ಅವಸರ ಮಾಡಬೇಡಿ. ಆಸೆ ಒಮ್ಮೆಗೇ ಎದ್ದು ನಿಲ್ಲುವುದಿಲ್ಲ. ನೀವು ಒಂದು ಜಾಗಕ್ಕೆ ಹೋಗುತ್ತೀರಿ, ಅಲ್ಲಿ ಒಂದು ವಸ್ತು ಇರುತ್ತದೆ, ಕಣ್ಣು ಅದರ ಮೇಲೆ ಬೀಳುತ್ತದೆ, ಮನಸ್ಸು ಅದರ ರುಚಿ ನೆನೆಯುತ್ತದೆ, ಕೈ ಚಾಚುತ್ತದೆ. ಕೈ ಚಾಚಿದ ಮೇಲೆ ತಡೆಯುವುದು ಎಲ್ಲಕ್ಕಿಂತ ಕಷ್ಟ, ಜಾಗಕ್ಕೇ ಹೋಗದಿರುವುದು ಎಲ್ಲಕ್ಕಿಂತ ಸುಲಭ. ಆದಷ್ಟು ಹಿಂದಿನ ಮೆಟ್ಟಿಲಲ್ಲೇ ಕೆಲಸ ಮಾಡಿ.

ತಿಂಡಿಯದಾದರೆ: ಮನೆಯಲ್ಲಿ ಮಕ್ಕಳು ಹಿರಿಯರು ಇರುವಾಗ ಕುರುಕಲು ತಿಂಡಿಯೇ ಇಡಬಾರದು ಎಂದರೆ ನಡೆಯುವುದಿಲ್ಲ. ಮಾಡಿದ ದಿನವೇ ಅವರವರ ಪಾಲನ್ನು ಸಣ್ಣ ಡಬ್ಬಿಗಳಿಗೆ ಹಂಚಿ. ದೊಡ್ಡ ಡಬ್ಬಿ ಅಡುಗೆಮನೆಯಲ್ಲಿ ಇರುವುದೇ ಬೇಡ. ಒಳಗಿರುವುದು ಕಾಣುವ ಗಾಜಿನ ಭರಣಿ, ಪ್ಲಾಸ್ಟಿಕ್ ಡಬ್ಬಿ ತೆಗೆದು ಸ್ಟೀಲಿಗೆ ಹಾಕಿ. ಸ್ಟೂಲ್ ಹತ್ತಿದರೆ ಮಾತ್ರ ಸಿಗುವ ಎತ್ತರದಲ್ಲಿಡಿ. ಅದಕ್ಕಿಂತ ಮುಖ್ಯ, ಮಧ್ಯಾಹ್ನ ಒಂದಕ್ಕೆ ಉಂಡು ರಾತ್ರಿ ಒಂಬತ್ತಕ್ಕೆ ಉಣ್ಣುವವರು ನಡುವಿನ ಎಂಟು ಗಂಟೆಯನ್ನು ಬರೀ ಕಾಫಿಯಲ್ಲಿ ದಾಟಬಾರದು. ಐದು ಗಂಟೆಯ ಸುಮಾರಿಗೆ ಹೊಟ್ಟೆಗೆ ಹಿಡಿಯುವಂಥದ್ದು ತಿನ್ನಿ: ಒಂದು ಬಟ್ಟಲು ಹೆಸರುಕಾಳಿನ ಉಸಲಿ, ಮೊಸರವಲಕ್ಕಿ, ಒಂದು ಹಿಡಿ ಶೇಂಗಾ ಜೊತೆ ಬಾಳೆಹಣ್ಣು. ಹೀಗೆ ತಿಂದ ದಿನ ಏಳು ಗಂಟೆಯ ಸಾಲಿನಲ್ಲಿ 4 ಇದ್ದದ್ದು 2ಕ್ಕೆ ಇಳಿಯುತ್ತದೆಯೇ ನೋಡಿ. ಕುಕ್ಕರ್ ಮುಂದಿನ ಬಿಡುವಿಗೆ ಕೈಕೆಲಸ ಇಟ್ಟುಕೊಳ್ಳಿ. ನಾಳೆಯ ಬೀನ್ಸ್ ಹೆಚ್ಚುವುದು, ಕೊತ್ತಂಬರಿ ಬಿಡಿಸುವುದು, ಹೀಗೆ ಏನಾದರೊಂದು.

ಮೊಬೈಲ್‌ನದಾದರೆ: ಚಾರ್ಜರನ್ನು ಮಲಗುವ ಕೋಣೆಯಿಂದ ಹಾಲ್‌ಗೆ ಸಾಗಿಸಿ. ಅಲಾರಂ ಗಡಿಯಾರ ಬೇಕೆಂದು ಹೇಳಿದ್ದು ಇದಕ್ಕೇ, ಅದಿಲ್ಲದಿದ್ದರೆ "ಅಲಾರಂಗೆ ಬೇಕು" ಎಂಬ ನೆಪದಲ್ಲಿ ಮೊಬೈಲ್ ಮೂರನೇ ದಿನವೇ ದಿಂಬಿನ ಪಕ್ಕಕ್ಕೆ ಮರಳಿರುತ್ತದೆ. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್‌ನ ಸ್ಕ್ರೀನ್ ಟೈಮ್ ಎಂಬ ಸೆಟ್ಟಿಂಗ್‌ಗಳಲ್ಲಿ ಒಂದೊಂದು ಆಪ್‌ಗೂ ದಿನದ ಮಿತಿ ಹಾಕಬಹುದು. ಐಫೋನ್‌ನವರು ಅದರ ಪಾಸ್‌ಕೋಡನ್ನು ಮನೆಯವರ ಕೈಯಲ್ಲಿ ಹಾಕಿಸಿ, ನಿಮಗೆ ಗೊತ್ತಿದ್ದರೆ ಮಿತಿ ಬಂದ ಕೂಡಲೇ ನೀವೇ ತೆರೆಯುತ್ತೀರಿ. ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವ ಆಪ್ ಒಂದನ್ನು ಅಳಿಸಿ, ಬೇಕಾದಾಗ ಬ್ರೌಸರಿನಲ್ಲಿ ಪಾಸ್‌ವರ್ಡ್ ಹಾಕಿಯೇ ನೋಡುವಂತಾಗಲಿ. ಆ ಅರ್ಧ ನಿಮಿಷದ ತೊಡಕು ಎಷ್ಟೋ ಸಲ ಸಾಕಾಗುತ್ತದೆ.

ಖರ್ಚಿನದಾದರೆ: ಖರೀದಿ ಆಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ಅಳಿಸಿ. ಸಂಬಳ ಬಂದ ಮರುದಿನವೇ ಆರ್‌ಡಿಗೆ ಹಣ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಕಾರ್ಟ್‌ಗೆ ಹಾಕಿದ್ದನ್ನು ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ನೋಡಿ ಕೊಳ್ಳುವುದೆಂದು ಗೊತ್ತುಮಾಡಿಕೊಳ್ಳಿ.

ಸಿಟ್ಟಿನದಾದರೆ ಡಬ್ಬಿಯಂತೆ ಎತ್ತಿಡಲು ವಸ್ತುವಿಲ್ಲ, ಹಾಗಾಗಿ ಹೊತ್ತನ್ನು ಸರಿಸಬೇಕು. ಬಾಗಿಲು ತೆರೆದು ಒಳಗೆ ಬಂದ ಮೊದಲ ಹತ್ತು ನಿಮಿಷ ಅತಿ ಅಪಾಯದ್ದು. ಚಪ್ಪಲಿ ಬಿಡುವ ಮೊದಲೇ ಮಗು ಡೈರಿ ಹಿಡಿದು ನಿಂತಿರುತ್ತದೆ, ಒಳಗಿನಿಂದ ಗ್ಯಾಸ್ ಮುಗಿದ ಸುದ್ದಿ ಬರುತ್ತದೆ. ಮುಂಚೆಯೇ, ಭಾನುವಾರ ಎಲ್ಲರೂ ಶಾಂತವಾಗಿರುವಾಗ, ಒಂದು ಒಪ್ಪಂದ ಮಾಡಿಕೊಳ್ಳಿ. "ಹತ್ತು ನಿಮಿಷ ಕೊಡು ಕಂದಾ, ಅಪ್ಪ ಮುಖ ತೊಳ್ಕೊಂಡು, ಬಟ್ಟೆ ಬದಲಾಯಿಸಿ ಬಂದು ನಿನ್ನ ಹತ್ರಾನೇ ಕೂರ್ತೀನಿ" ಎಂದು ಹೇಳಿ, ಹನ್ನೊಂದನೇ ನಿಮಿಷಕ್ಕೆ ನಿಜವಾಗಿಯೂ ಕೂರಿ. ಕೂರದಿದ್ದರೆ ಮಗು ಮೂರನೇ ದಿನದಿಂದ ಕಾಯುವುದಿಲ್ಲ. ಡೈರಿಗೆ ಸಹಿ, ಮರುದಿನದ ಬ್ಯಾಗು, ಫೀಸಿನ ವಿಚಾರಗಳನ್ನು ಬೆಳಗಿನ ತಿಂಡಿಯ ಹೊತ್ತಿಗೆ ವರ್ಗಾಯಿಸಿ. ಗಣಿತದ ಹೋಂವರ್ಕ್ ದಿನವೂ ಜಗಳವಾಗುತ್ತಿದ್ದರೆ ಅದನ್ನು ಮನೆಯಲ್ಲಿ ಆ ಹೊತ್ತಿಗೆ ಕಡಿಮೆ ದಣಿದವರು ನೋಡಲಿ.

ಈ ಹಂತದಲ್ಲಿ ಆಗುವ ತಪ್ಪು ಒಂದೇ: "ಇಷ್ಟಕ್ಕೆಲ್ಲ ಡಬ್ಬಿ ಎತ್ತಿಡಬೇಕೇ? ಎದುರಿಗಿಟ್ಟುಕೊಂಡೇ ತಡೆಯಬಲ್ಲೆ" ಎಂಬ ಹುರುಪು. ಬೆಳಿಗ್ಗೆ ಹತ್ತಕ್ಕೆ ಆ ಹುರುಪು ನಿಜ. ವ್ಯವಸ್ಥೆ ಮಾಡಬೇಕಾದ್ದು ಸಂಜೆ ಏಳರ ನಿಮಗಾಗಿ. ಏಕಾದಶಿ ಉಪವಾಸ ಮಾಡುವವರನ್ನು ಗಮನಿಸಿ. ಅನ್ನ ಬಿಡುವ ತೀರ್ಮಾನ ಹಿಂದಿನ ದಿನವೇ ಆಗಿರುತ್ತದೆ. ಮನೆಯವರೆಲ್ಲ ಆಚರಿಸುವಲ್ಲಿ ಆ ದಿನ ಒಲೆಯ ಮೇಲೆ ಅನ್ನವೇ ಇರುವುದಿಲ್ಲ. ಗಂಟೆಗೊಮ್ಮೆ "ತಿನ್ನಲೋ ಬೇಡವೋ" ಎಂದು ತೂಗುವ ಪ್ರಮೇಯವೇ ಬರುವುದಿಲ್ಲ.

ಹಂತ 4: ಮೂರನೇ ವಾರ, 'ಆದಾಗ' ವಾಕ್ಯ ಬರೆಯಿರಿ

ದಾರಿಗೆ ಅಡ್ಡ ಇಟ್ಟರೂ ಕೆಲವು ಆಸೆಗಳು ಎದುರಾಗುತ್ತವೆ. ಅವಕ್ಕೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ರೂಪಿಸಿದ ವಿಧಾನ ಬಳಸಿ. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಒಂದು ವಾಕ್ಯ ಕಟ್ಟಿಕೊಳ್ಳುವುದು. 2006ರಲ್ಲಿ ಇಂಥ 94 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಪರಿಣಾಮ ಸಾಕಷ್ಟು ದೊಡ್ಡದಾಗಿಯೇ ಕಂಡಿತು. ಕಾರಣ ಸರಳ. ಆ ಕ್ಷಣದಲ್ಲಿ ಯೋಚಿಸಿ ತೀರ್ಮಾನಿಸುವ ಕೆಲಸ ತಪ್ಪುತ್ತದೆ.

ವಾಕ್ಯ ಹೇಗಿರಬೇಕೆಂಬುದು ಮುಖ್ಯ.

ಕೆಲಸ ಮಾಡದ ವಾಕ್ಯ: "ರಾತ್ರಿ ಮೊಬೈಲ್ ನೋಡುವುದಿಲ್ಲ." ಇದರಲ್ಲಿ ಹೊತ್ತು ಮಸುಕು, ಮಾಡಬೇಕಾದ್ದು ಏನೂ ಇಲ್ಲ, ಮೇಲಾಗಿ ಮನಸ್ಸಿಗೆ ಮೊಬೈಲ್‌ನ ಚಿತ್ರವನ್ನೇ ನೆನಪಿಸುತ್ತದೆ. ಯಾವುದನ್ನು ನೆನೆಯಬಾರದೆಂದು ಹಟ ಹಿಡಿಯುತ್ತೀರೋ ಅದೇ ಮತ್ತೆ ಮತ್ತೆ ಬರುತ್ತದೆ ಎಂಬುದನ್ನು ಡೇನಿಯಲ್ ವೆಗ್ನರ್ 1987ರ ಬಿಳಿ ಕರಡಿಯ ಪ್ರಯೋಗದಲ್ಲಿ ತೋರಿಸಿದ್ದರು. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದನ್ನು ಬಿಟ್ಟಿರಲು ಆಗಲೇ ಇಲ್ಲ.

ಕೆಲಸ ಮಾಡುವ ವಾಕ್ಯ: "ರಾತ್ರಿ ಹತ್ತಕ್ಕೆ ಅಲಾರಂ ಹೊಡೆದಾಗ ಮೊಬೈಲನ್ನು ಹಾಲ್‌ನ ಚಾರ್ಜರಿಗೆ ಹಾಕಿ ಹಲ್ಲುಜ್ಜಲು ಹೋಗುತ್ತೇನೆ." ಇನ್ನೆರಡು: "ಮಗುವಿನ ಮುಂದೆ ನನ್ನ ದನಿ ಏರಿತೆಂದು ಗೊತ್ತಾದಾಗ ನಿಂತಿದ್ದರೆ ಕೂತುಕೊಳ್ಳುತ್ತೇನೆ, ಕೂತಿದ್ದರೆ ಎದ್ದು ನೀರು ಕುಡಿದು ಬರುತ್ತೇನೆ." "ಆಫೀಸಿನಲ್ಲಿ ಯಾರಾದರೂ ಸ್ವೀಟ್ ಬಾಕ್ಸ್ ಮುಂದೆ ಹಿಡಿದಾಗ 'ಈಗಷ್ಟೇ ಊಟ ಆಯ್ತು ಸರ್, ಒಂದನ್ನ ಮನೆಗೆ ತಗೊಂಡು ಹೋಗ್ತೀನಿ' ಅನ್ನುತ್ತೇನೆ." ಬೇಡವೆಂದರೆ ಕೊಟ್ಟವರಿಗೆ ಬೇಜಾರಾಗುವ ನಮ್ಮ ನಡುವೆ ಇಂಥ ಮಾತು ತಯಾರಿರಬೇಕು. ಅಲ್ಲೇ ಹುಡುಕಲು ಹೋದರೆ ಕೈ ಆಗಲೇ ಬಾಕ್ಸಿನಲ್ಲಿರುತ್ತದೆ.

ಎರಡು ವಾಕ್ಯ ಸಾಕು, ಮೂರು ಮಿತಿ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದು ಮೂರು ದಿನ ಬೆಳಿಗ್ಗೆ ಗಟ್ಟಿಯಾಗಿ ಓದಿ.

ಹಂತ 5: ದಿನದ ಜೋಡಣೆ

ತಲೆಗೆ ಹೆಚ್ಚು ಭಾರವಾದ ಕೆಲಸವನ್ನು ಎದ್ದ ಮೊದಲ ನಾಲ್ಕೈದು ಗಂಟೆಯೊಳಗೆ ಇಟ್ಟುಕೊಳ್ಳಿ. ಸಂಜೆ ಬೇಕಾಗುವ ಸಣ್ಣ ತೀರ್ಮಾನಗಳನ್ನು ಬೆಳಿಗ್ಗೆಯೇ ಮುಗಿಸಿ. ರಾತ್ರಿಗೆ ಏನು ಅಡುಗೆ ಎಂಬ ದಿನನಿತ್ಯದ ಪ್ರಶ್ನೆಗೆ ವಾರದ ಪಟ್ಟಿಯೊಂದನ್ನು ಫ್ರಿಜ್ ಮೇಲೆ ಅಂಟಿಸಿದರೆ ಇಬ್ಬರ ತಲೆಭಾರ ಇಳಿಯುತ್ತದೆ. ಐವತ್ತು ನಿಮಿಷ ಕೆಲಸ ಮಾಡಿದರೆ ಹತ್ತು ನಿಮಿಷ ಬಿಡುವು ಕೊಡಿ. ಬಿಡುವೆಂದರೆ ಎದ್ದು ನಡೆಯುವುದು, ಕಿಟಕಿಯ ಹೊರಗೆ ನೋಡುವುದು. ರೀಲ್ಸ್ ನೋಡುವುದನ್ನು ಬಿಡುವಿನ ಲೆಕ್ಕಕ್ಕೆ ಹಿಡಿಯಬೇಡಿ. ಮುಂದಿನದನ್ನು ನೋಡಲೋ ಬೇಡವೋ ಎಂಬ ತಡೆಯಾಟ ಅಲ್ಲೂ ನಡೆಯುತ್ತಲೇ ಇರುತ್ತದೆ. ಮುಖವಾಡದ ಕೆಲಸದವರು ಕಷ್ಟದ ಗಿರಾಕಿಯೋ ರೋಗಿಯೋ ಹೋದ ಮೇಲೆ ಎರಡು ನಿಮಿಷವಾದರೂ ಯಾರ ಮುಖವೂ ಕಾಣದ ಕಡೆ ನಿಂತು ಬನ್ನಿ.

ಇಲ್ಲೊಂದು ಎಚ್ಚರಿಕೆ. ಸಂಯಮಕ್ಕೆ ಗ್ಲೂಕೋಸ್ ಇಂಧನ, ಸುಸ್ತಾದಾಗ ಸಿಹಿ ಕುಡಿದರೆ ಮನಸ್ಸು ಗಟ್ಟಿಯಾಗುತ್ತದೆ ಎಂಬ ಮಾತು 2007ರ ಒಂದು ಸಂಶೋಧನೆಯ ನಂತರ ಬಹಳ ಹರಡಿತು. ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು 20ರಷ್ಟನ್ನು ಬಳಸುವುದು ನಿಜ. ಆದರೆ ಸುಮ್ಮನೆ ಕೂತಾಗಲೂ ಅಷ್ಟು ಬಳಸುತ್ತದೆ. ಆಸೆ ತಡೆಯಲು ಬೇಕಾಗುವ ಹೆಚ್ಚುವರಿ ತೀರಾ ಅಲ್ಪ. ಸಿಹಿ ನೀರನ್ನು ಬಾಯಿ ಮುಕ್ಕಳಿಸಿ ಉಗಿದವರಲ್ಲೂ ಅದೇ ಚೇತರಿಕೆ ಕಂಡ ಪ್ರಯೋಗಗಳಿವೆ, ಅಂದರೆ ಇಂಧನದ ವಿವರಣೆ ನಿಲ್ಲುವುದಿಲ್ಲ. ಸಂಜೆಯ ಸುಸ್ತಿಗೆ ಜ್ಯೂಸ್, ಗ್ಲೂಕೋಸ್ ಪುಡಿ ಬೇಡ. ಸಕ್ಕರೆ ಕಾಯಿಲೆ ಇದ್ದವರಂತೂ ಇದನ್ನು ಮಾಡಲೇಬಾರದು. ಅವರಿಗೆ ನಡುಕ, ಬೆವರು, ತಲೆಸುತ್ತು ಬಂದರೆ ಅದು ಸಂಯಮದ ಬಳಲಿಕೆಯಲ್ಲ, ಸಕ್ಕರೆ ಇಳಿದಿರಬಹುದು. ಕೂಡಲೇ ಪರೀಕ್ಷಿಸಿಕೊಂಡು ವೈದ್ಯರು ಮೊದಲೇ ಹೇಳಿದಂತೆ ಮಾಡಬೇಕು.

ಹಂತ 6: ನಾಲ್ಕನೇ ವಾರ, ನಿಮ್ಮ ನಂಬಿಕೆಯನ್ನು ಪರೀಕ್ಷಿಸಿ

ವೆರೋನಿಕಾ ಯೋಬ್, ಕ್ಯಾರಲ್ ಡ್ವೆಕ್, ಗ್ರೆಗರಿ ವಾಲ್ಟನ್ 2010ರಲ್ಲಿ ಒಂದು ಸಂಗತಿ ತೋರಿಸಿದರು. ಮನಸ್ಸಿನ ಬಲ ಬೇಗ ಮುಗಿಯುತ್ತದೆ ಎಂದು ನಂಬಿದವರಲ್ಲೇ ಬಳಲಿಕೆಯ ಪರಿಣಾಮ ಕಂಡಿತು, ಹಾಗೆ ನಂಬದವರಲ್ಲಿ ಕಾಣಲಿಲ್ಲ. 2017ರಲ್ಲಿ ಕೃಷ್ಣ ಸಾವನಿ ಮತ್ತು ಯೋಬ್ ಭಾರತೀಯರನ್ನು ನೋಡಿದಾಗ ಇನ್ನೂ ಮುಂದಿನದು ಸಿಕ್ಕಿತು. ಕಷ್ಟದ ಮಾನಸಿಕ ಕೆಲಸ ಮಾಡಿದರೆ ಹುರುಪು ಬರುತ್ತದೆ ಎಂಬ ನಂಬಿಕೆ ಅವರಲ್ಲಿ ಹೆಚ್ಚಿತ್ತು, ಮೊದಲ ಕೆಲಸ ಕಷ್ಟದ್ದಾಗಿದ್ದಾಗ ಎರಡನೆಯದನ್ನು ಅವರು ಇನ್ನೂ ಚೆನ್ನಾಗಿ ಮಾಡಿದರು. ಬೆಳಗಿನ ಜಪ, ಸಂಗೀತದ ಅಭ್ಯಾಸ, ಪಾಠ ಉರು ಹೊಡೆಯುವುದರಿಂದ ಮನಸ್ಸು ಹದಕ್ಕೆ ಬರುತ್ತದೆ ಎಂದು ಕೇಳಿ ಬೆಳೆದವರಿಗೆ ಇದು ಅಚ್ಚರಿಯಲ್ಲ.

ಇದನ್ನು ಪರೀಕ್ಷಿಸುವ ಬಗೆ: ನಾಲ್ಕನೇ ವಾರ ಮೂರು ಸಂಜೆ, ಸುಸ್ತೆನಿಸಿದ ಹೊತ್ತಿಗೆ, ಕಷ್ಟದ್ದಾದರೂ ಇಷ್ಟದ ಕೆಲಸವೊಂದನ್ನು ಇಪ್ಪತ್ತೇ ನಿಮಿಷ ಮಾಡಿ. ಪದಬಂಧ, ವೀಣೆ, ವೇಗದ ನಡಿಗೆ, ಇಂಗ್ಲಿಷ್ ಪಾಠ, ಯಾವುದಾದರೂ ಸರಿ. ಶುರುವಿಗೂ ಕೊನೆಗೂ ಸುಸ್ತಿಗೆ 1ರಿಂದ 5ರೊಳಗೆ ಅಂಕಿ ಕೊಡಿ. ಮೂರರಲ್ಲಿ ಎರಡು ಸಲ ಅಂಕಿ ಇಳಿದರೆ ನಿಮ್ಮದು ಹೆಚ್ಚಾಗಿ ಬೇಸರದ ಬಳಲಿಕೆ. ಮೂರೂ ಸಲ ಏರಿದರೆ ದೇಹಕ್ಕೆ ನಿದ್ದೆ ಬೇಕು, ನಂಬಿಕೆಯ ಮಾತಿನಿಂದ ಅದನ್ನು ತುಂಬಲು ಹೋಗಬೇಡಿ. ದಣಿದವರಿಗೆ "ಮನಸ್ಸಿದ್ದರೆ ಮಾರ್ಗ" ಎಂದು ಬುದ್ಧಿ ಹೇಳಲು ಈ ಸಂಶೋಧನೆಯನ್ನು ಬಳಸುವುದು ಅನ್ಯಾಯ.

ಹಂತ 7: ತಪ್ಪಿದ ದಿನ

ತಪ್ಪುತ್ತದೆ. ಒಂದು ಕೋಡುಬಳೆಯಿಂದ ತೂಕ ಏರುವುದಿಲ್ಲ. "ಹೋಗ್ಲಿ ಬಿಡು, ಹೇಗಿದ್ರೂ ಇವತ್ತು ಕೆಟ್ಟಿತು" ಎಂದು ಡಬ್ಬಿ ಮುಗಿಸುವುದರಿಂದ ಏರುತ್ತದೆ. ಪಥ್ಯದಲ್ಲಿರುವವರು ಒಂದು ತಪ್ಪಿನ ನಂತರ ಹೀಗೇ ಕಟ್ಟು ಬಿಚ್ಚಿ ತಿನ್ನುವುದನ್ನು ಸಂಶೋಧಕರು ದಶಕಗಳಿಂದ ದಾಖಲಿಸಿದ್ದಾರೆ. ಹಾಗಾಗಿ ನಾಳೆಯಿಂದ, ಸೋಮವಾರದಿಂದ ಎನ್ನಬೇಡಿ. ಮುಂದಿನ ಸಲದಿಂದಲೇ ಸರಿ. ನೋಟ್‌ಬುಕ್‌ನಲ್ಲಿ ಸಾಲು ಬರೆದು ಪಕ್ಕದಲ್ಲಿ ಒಂದೇ ಪ್ರಶ್ನೆಗೆ ಉತ್ತರಿಸಿ: ಯಾವ ಅಡ್ಡ ಇಟ್ಟಿದ್ದರೆ ಇದು ಆಗುತ್ತಿರಲಿಲ್ಲ? ಬೈಗುಳ ಬರೆಯಬೇಡಿ.

ಅಭ್ಯಾಸ ಬೇರೂರಲು 21 ದಿನ ಸಾಕೆಂಬ ಮಾತನ್ನು ನಂಬಿ ನಿರಾಶರಾದವರು ಬಹಳ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯದ ಅಂಕಿ 66 ದಿನ, ಒಬ್ಬೊಬ್ಬರದು 18ರಿಂದ 254 ದಿನದವರೆಗೂ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ಹಾಗಾಗಿ ನಾಲ್ಕು ವಾರದ ನಂತರವೂ ಡಬ್ಬಿ ಎತ್ತರದಲ್ಲೇ ಇರಲಿ, ಚಾರ್ಜರ್ ಹಾಲ್‌ನಲ್ಲೇ ಇರಲಿ. ಸುಧಾರಿಸಿತೆಂದು ಇವನ್ನು ಹಳೆಯ ಜಾಗಕ್ಕೆ ತಂದವರಿಗೆ ಹಳೆಯದೆಲ್ಲ ಒಂದೊಂದಾಗಿ ಮರಳುತ್ತದೆ.

ಐದನೇ ವಾರ ಮತ್ತೆ ಏಳು ದಿನ ಮೊದಲಿನಂತೆ ಬರೆದು, ಮೊದಲ ವಾರದ ಪುಟದ ಪಕ್ಕ ಇಟ್ಟು ನೋಡಿ. ಎಣಿಸಬೇಕಾದ್ದು ಒಟ್ಟು ಸಾಲುಗಳನ್ನು, ಗೆದ್ದ ಸೋತ ಲೆಕ್ಕ ಆಮೇಲೆ. ಸಾಲುಗಳು ಕಡಿಮೆಯಾಗಿದ್ದರೆ ಕ್ರಮ ಹಿಡಿದಿದೆ. ಸಾಲುಗಳು ಅಷ್ಟೇ ಇದ್ದು ತಡೆದದ್ದು ಮಾತ್ರ ಹೆಚ್ಚಾಗಿದ್ದರೆ ನೀವಿನ್ನೂ ಬಲದಿಂದಲೇ ನಡೆಸುತ್ತಿದ್ದೀರಿ, ಹಂತ 3ಕ್ಕೆ ಹಿಂತಿರುಗಿ.

ಈ ಕ್ರಮ ಸಾಲದಿದ್ದಾಗ

ಎರಡು ವಾರ ಸರಿಯಾಗಿ ಉಂಡು, ಏಳು ಗಂಟೆ ಮಲಗಿದರೂ ಬೆಳಿಗ್ಗೆ ಏಳುವಾಗಲೇ ಸುಸ್ತಾದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಆಸಕ್ತಿಯಿಲ್ಲದೆ ಮಂಕಾಗಿದ್ದರೆ, ಚಿಕ್ಕಂದಿನಿಂದಲೂ ಗಮನ ನಿಲ್ಲದೆ ಒದ್ದಾಡುತ್ತಿದ್ದರೆ, ಅಥವಾ ಬಿಡಬೇಕೆಂದಿರುವುದು ಕುಡಿತ, ತಂಬಾಕು, ಜೂಜಾಗಿದ್ದರೆ ನೋಟ್‌ಬುಕ್ಕೊಂದರಿಂದ ಆಗುವ ಕೆಲಸವಲ್ಲ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸುವುದು ಜೀವಕ್ಕೇ ಅಪಾಯ, ವೈದ್ಯರ ನಿಗಾದಲ್ಲೇ ಬಿಡಬೇಕು. ಮೊಬೈಲ್, ಆನ್‌ಲೈನ್ ಆಟದ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಎಂಬ ಪ್ರತ್ಯೇಕ ಕ್ಲಿನಿಕ್ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ನೋಟ್‌ಬುಕ್ ಜೊತೆಗಿರಲಿ. ಯಾವಾಗಿನಿಂದ, ದಿನಕ್ಕೆ ಎಷ್ಟು ಸಲ, ನಿದ್ದೆ ಹೇಗಿದೆ ಎಂದು ಅವರು ಮೊದಲು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಅದರಲ್ಲಿ ಬರೆದಿರುತ್ತದೆ.